ಯುರೋಪಿನಲ್ಲಿ ದೇಶ ಬದಲಿಸುವಾಗ ವಾಸದ ಹಕ್ಕು, ಭತ್ಯೆ ಉಳಿಸಿಕೊಳ್ಳುವುದು ಹೇಗೆ

ಮ್ಯೂನಿಕ್‌ನ ಕೆಲಸ ಬಿಟ್ಟು ಆಮ್‌ಸ್ಟರ್‌ಡ್ಯಾಮ್‌ಗೆ ಹೋಗುವುದು, ಜರ್ಮನಿಯ ಆಖೆನ್‌ನಲ್ಲಿ ಮನೆ ಇಟ್ಟುಕೊಂಡು ಗಡಿಯಾಚೆಯ ನೆದರ್‌ಲ್ಯಾಂಡ್ಸ್‌ನಲ್ಲಿ ದುಡಿಯುವುದು, ಡಬ್ಲಿನ್‌ನಿಂದ ಬರ್ಲಿನ್‌ಗೆ ಸಂಸಾರ ಸಾಗಿಸುವುದು ಈಗ ನಮ್ಮವರಲ್ಲೂ ಸಾಮಾನ್ಯ. ರೈಲಿನಲ್ಲಿ ಕೂತರೆ ಗಡಿ ದಾಟಿದ್ದೇ ಗೊತ್ತಾಗುವುದಿಲ್ಲ. ಆದರೆ ಇನ್ಶೂರೆನ್ಸು, ಮಕ್ಕಳ ಭತ್ಯೆ, ಪಿಂಚಣಿ, ವಾಸದ ಹಕ್ಕು ತಾವಾಗಿಯೇ ನಿಮ್ಮ ಹಿಂದೆ ಬರುವುದಿಲ್ಲ. ಅವನ್ನು ನಾವೇ ಕೇಳಿ, ಕಾಗದ ಮಾಡಿಸಿ ತರಬೇಕು.

ಈ ವಿಷಯದಲ್ಲಿ ನನಗೆ ಬೇಸರ ತರಿಸುವುದು ಜನರ ಹೆದರಿಕೆ. ತಿಂಗಳು ತಿಂಗಳೂ ಸಂಬಳದಲ್ಲಿ ಕಂತು ಕಟ್ಟಿರುತ್ತಾರೆ. ಕೆಲಸ ಹೋದಾಗ ಮಾತ್ರ 'ಭತ್ಯೆ ತಗೊಂಡ್ರೆ ವೀಸಾಕ್ಕೆ ತೊಂದರೆ ಆಗುತ್ತೆ' ಅಂತ ಯಾರೋ ಹೇಳಿದ್ದನ್ನು ನಂಬಿ ಸುಮ್ಮನಿರುತ್ತಾರೆ. ಯಾವುದು ನಿಮ್ಮ ದುಡ್ಡು, ಯಾವುದು ಸರ್ಕಾರದ ನೆರವು ಅಂತ ತಿಳಿದರೆ ಅರ್ಧ ಹೆದರಿಕೆ ಹೋಗುತ್ತದೆ. ಹೆಚ್ಚಿನ ಉದಾಹರಣೆಗಳನ್ನು ಜರ್ಮನಿ ಮತ್ತು ನೆದರ್‌ಲ್ಯಾಂಡ್ಸ್‌ನಿಂದ ಕೊಟ್ಟಿದ್ದೇನೆ.

ಮೊದಲ ಹೆಜ್ಜೆ: ನೀವು ಯಾವ ಗುಂಪು ಅಂತ ಗುರುತಿಸಿಕೊಳ್ಳಿ

ನಿಮ್ಮ ಕೈಯಲ್ಲಿರುವ ಪಾಸ್‌ಪೋರ್ಟು ಮತ್ತು ಇವತ್ತು ನೀವು ಮಾಡುತ್ತಿರುವ ಕೆಲಸ, ಇವೆರಡರ ಮೇಲೆ ಎಲ್ಲವೂ ನಿಂತಿದೆ.

ಯುರೋಪಿಯನ್ ಒಕ್ಕೂಟದ 27 ದೇಶಗಳಲ್ಲಿ ಒಂದರ ಪೌರರಾಗಿದ್ದರೆ ನಿಮಗೆ ಅನ್ವಯಿಸುವುದು 2004ರ 38ನೇ ನಿರ್ದೇಶನ, ಅಂದರೆ ಸದಸ್ಯ ದೇಶಗಳು ಪಾಲಿಸಬೇಕಾದ ಒಕ್ಕೂಟದ ಕಾನೂನು. ಐಸ್‌ಲ್ಯಾಂಡ್, ನಾರ್ವೆ, ಲಿಕ್ಟೆನ್‌ಸ್ಟೈನ್‌ಗಳಲ್ಲೂ ಇದೇ ನಡೆಯುತ್ತದೆ. ಸ್ವಿಟ್ಜರ್‌ಲ್ಯಾಂಡ್‌ಗೆ ಬೇರೆ ಒಪ್ಪಂದವಿದೆ. ಬ್ರಿಟನ್ 2020ರ ಕೊನೆಗೆ ಈ ವ್ಯವಸ್ಥೆಯಿಂದ ಹೊರಗೆ ಹೋಗಿದೆ. ಈಗ ಹೊಸದಾಗಿ ಅಲ್ಲಿಗೆ ಹೋಗುವವರಿಗೆ ಈ ಲೇಖನದ ವಾಸದ ನಿಯಮಗಳು ಅನ್ವಯಿಸುವುದಿಲ್ಲ.

ಒಕ್ಕೂಟದ ಪೌರರ ಗಂಡ, ಹೆಂಡತಿ, ಮಕ್ಕಳು, ಅವರನ್ನೇ ನಂಬಿರುವ ತಂದೆ ತಾಯಿ ಎರಡನೇ ಗುಂಪು. ಇವರ ಪಾಸ್‌ಪೋರ್ಟು ಭಾರತದ್ದಾದರೂ ಹಕ್ಕು ಇದೆ.

ಮೂರನೆಯದು ಭಾರತದ ಪಾಸ್‌ಪೋರ್ಟಿನಲ್ಲೇ ಇದ್ದು ಬ್ಲೂ ಕಾರ್ಡ್ (ಹೆಚ್ಚು ಓದಿದ, ನುರಿತ ಕೆಲಸಗಾರರಿಗೆ ಒಕ್ಕೂಟದ ದೇಶಗಳು ಕೊಡುವ ವಾಸ ಮತ್ತು ಕೆಲಸದ ಪರವಾನಗಿ) ಅಥವಾ ಬೇರೆ ಪರವಾನಗಿ ಹೊಂದಿರುವವರು. ನಮ್ಮ ಐಟಿ ಮಂದಿಯಲ್ಲಿ ಜಾಸ್ತಿ ಜನ ಇಲ್ಲೇ ಇದ್ದಾರೆ. ಇವರಿಗೆ ವಾಸದ ನಿಯಮ ಬೇರೆ. ಆದರೆ ಸಾಮಾಜಿಕ ವಿಮೆಯ ವಿಷಯದಲ್ಲಿ ಇವರೂ ಬಹುಪಾಲು ಸಮಾನರು. ಇದು ತುಂಬಾ ಜನಕ್ಕೆ ಗೊತ್ತೇ ಇಲ್ಲ, ಮುಂದೆ ಹೇಳುತ್ತೇನೆ.

ಎರಡನೇ ಹೆಜ್ಜೆ: ಮೂರು ತಿಂಗಳ ನಂತರ ಯಾವ ಆಧಾರದ ಮೇಲೆ ಇರುತ್ತೀರಿ?

ಒಕ್ಕೂಟದ ಪೌರರು ಬೇರೆ ಸದಸ್ಯ ದೇಶದಲ್ಲಿ ಮೊದಲ 3 ತಿಂಗಳು ಬರೀ ಪಾಸ್‌ಪೋರ್ಟು ಅಥವಾ ಗುರುತಿನ ಚೀಟಿ ಇಟ್ಟುಕೊಂಡು ಇರಬಹುದು. ಆಮೇಲೆ ಏನಾದರೂ ಒಂದು ಆಧಾರ ಬೇಕು. ಕೆಲಸ ಅಥವಾ ಸ್ವಂತ ಉದ್ಯೋಗ ಇರಬೇಕು. ಅದಿಲ್ಲದಿದ್ದರೆ ಪೂರ್ತಿ ಆರೋಗ್ಯ ವಿಮೆಯ ಜೊತೆಗೆ ಓದು, ಇಲ್ಲವೇ ಕೈಯಲ್ಲಿ ಸಾಕಷ್ಟು ಹಣ.

ಎಲ್ಲಕ್ಕಿಂತ ಗಟ್ಟಿ ಆಧಾರ ಕೆಲಸ. ಪೂರ್ತಿ ಸಮಯದ ಕೆಲಸವೇ ಆಗಬೇಕೆಂದಿಲ್ಲ. ಕೆಲಸ ನಿಜವಾದದ್ದಾಗಿರಬೇಕು, ತೀರಾ ಹೆಸರಿಗೆ ಮಾತ್ರ ಇರಬಾರದು. ಇಷ್ಟಿದ್ದರೆ ಅರೆಕಾಲಿಕ ನೌಕರರೂ 'ಕೆಲಸಗಾರ'ರೇ ಎಂದು ಲಕ್ಸೆಂಬರ್ಗ್‌ನಲ್ಲಿರುವ ಯುರೋಪಿಯನ್ ನ್ಯಾಯಾಲಯ 1982ರಲ್ಲೇ ಹೇಳಿದೆ. ಹಾಗಾಗಿ ವಾರಕ್ಕೆ ಕೆಲವೇ ಗಂಟೆ ಅಂಗಡಿಯಲ್ಲಿ ಕೆಲಸ ಮಾಡುವವರೂ ಕರಾರು ಪತ್ರ, ಸಂಬಳದ ಚೀಟಿ, ಬ್ಯಾಂಕಿಗೆ ಸಂಬಳ ಬಂದ ದಾಖಲೆ ಈ ಮೂರನ್ನೂ ಪ್ರತಿ ತಿಂಗಳು ತೆಗೆದಿಡಿ. ಕೈಯಲ್ಲಿ ನಗದು ಕೊಡುವ ಮಾಲೀಕರ ಹತ್ತಿರ ಕೆಲಸ ಮಾಡಿದರೆ ಸಂಬಳವೇನೋ ಬರುತ್ತದೆ, ಹಕ್ಕು ಬರುವುದಿಲ್ಲ.

ಕೆಲಸ ಹೋದರೆ? ಒಂದು ವರ್ಷಕ್ಕಿಂತ ಜಾಸ್ತಿ ದುಡಿದು, ನಿಮ್ಮ ತಪ್ಪಿಲ್ಲದೆ ಕೆಲಸ ಕಳೆದುಕೊಂಡು, ಉದ್ಯೋಗ ಕಚೇರಿಯಲ್ಲಿ ಹೆಸರು ಬರೆಸಿದರೆ 'ಕೆಲಸಗಾರ' ಎಂಬ ಸ್ಥಾನ ಉಳಿಯುತ್ತದೆ. ಒಂದು ವರ್ಷಕ್ಕಿಂತ ಕಡಿಮೆಯಾಗಿದ್ದರೆ ಕನಿಷ್ಠ 6 ತಿಂಗಳು ಉಳಿಯುತ್ತದೆ. ಕಾಯಿಲೆಯಿಂದ ಕೆಲಸ ಮಾಡಲಾಗದಿದ್ದರೂ ಉಳಿಯುತ್ತದೆ. ಬಸುರಿಯಾಗಿ ಕೊನೆಯ ತಿಂಗಳುಗಳಲ್ಲಿ ಕೆಲಸ ಬಿಟ್ಟ ಮಹಿಳೆ, ಹೆರಿಗೆಯಾದ ಮೇಲೆ ತಕ್ಕ ಸಮಯದೊಳಗೆ ಕೆಲಸಕ್ಕೆ ಮರಳಿದರೆ ಅಥವಾ ಹುಡುಕಲು ಶುರು ಮಾಡಿದರೆ ಅವರ ಸ್ಥಾನವೂ ಹೋಗುವುದಿಲ್ಲ. ಇದು 2014ರ ತೀರ್ಪು.

'ನಿಮ್ಮ ತಪ್ಪಿಲ್ಲದೆ' ಎಂಬುದನ್ನು ಗಮನಿಸಿ. ಸಿಟ್ಟಿನಲ್ಲಿ ರಾಜೀನಾಮೆ ಕೊಟ್ಟರೆ ಲೆಕ್ಕವೇ ಬದಲಾಗುತ್ತದೆ. ಜರ್ಮನಿಯಲ್ಲಿ ತಾನಾಗಿ ಕೆಲಸ ಬಿಟ್ಟವರಿಗೆ ತಕ್ಕ ಕಾರಣವಿಲ್ಲದಿದ್ದರೆ ಸಾಮಾನ್ಯವಾಗಿ 12 ವಾರ ನಿರುದ್ಯೋಗ ಭತ್ಯೆ ತಡೆಯುತ್ತಾರೆ. ಕಂಪನಿಯವರು 'ಒಪ್ಪಂದ ಮಾಡಿಕೊಂಡು ಬಿಡಿ' ಎಂದು ಕಾಗದ ಮುಂದಿಟ್ಟಾಗಲೂ ಇದೇ ಅಪಾಯ. ಸಹಿ ಹಾಕುವ ಮುಂಚೆ ಕಾರ್ಮಿಕ ಕಾನೂನಿನ ವಕೀಲರನ್ನು ಕೇಳಿ.

ಮೂರನೇ ಹೆಜ್ಜೆ: ಮನೆಯವರ ಪಾಸ್‌ಪೋರ್ಟು ಭಾರತದ್ದಾದರೆ

ಇಲ್ಲಿ ಸ್ವಲ್ಪ ನಿಂತು ಓದಿ. ಗಂಡ ಬೆಂಗಳೂರಿನಿಂದ ಹೋಗಿ ಜರ್ಮನಿಯ ಪೌರತ್ವ ಪಡೆದಿದ್ದಾರೆ, ಹೆಂಡತಿಯದು ಭಾರತದ ಪಾಸ್‌ಪೋರ್ಟು ಅಂತಿಟ್ಟುಕೊಳ್ಳಿ. ಇಬ್ಬರೂ ಜರ್ಮನಿಯಲ್ಲೇ ಇದ್ದರೆ ಹೆಂಡತಿಗೆ ನಡೆಯುವುದು ಜರ್ಮನಿಯ ಸ್ವಂತ ಕಾನೂನು, ಭಾಷೆಯ ಪರೀಕ್ಷೆಯೂ ಅದರಲ್ಲೇ ಬರುತ್ತದೆ. ಅದೇ ಸಂಸಾರ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ಗೆ ಹೋಗಿ ಗಂಡ ಅಲ್ಲಿ ದುಡಿಯತೊಡಗಿದರೆ ಯುರೋಪಿನ ನಿಯಮ ಶುರುವಾಗುತ್ತದೆ. ಭಾಷೆಯ ಪರೀಕ್ಷೆ ಇಲ್ಲ. ಇಂತಿಷ್ಟೇ ಸಂಬಳ ಇರಬೇಕೆಂಬ ಷರತ್ತೂ ಇಲ್ಲ. ವೀಸಾ ಬೇಕಾದರೆ ಅದಕ್ಕೆ ಶುಲ್ಕವಿಲ್ಲ, ಬೇಗ ಕೊಡಬೇಕು. ಹೆಂಡತಿಗೆ ಕೆಲಸ ಮಾಡುವ ಹಕ್ಕೂ ಇದೆ.

ಹೋದ ಮೇಲೆ ರೆಸಿಡೆನ್ಸ್ ಕಾರ್ಡಿಗೆ ಅರ್ಜಿ ಹಾಕಿ. ಅರ್ಜಿ ಕೊಟ್ಟ ತಕ್ಷಣ ಸ್ವೀಕೃತಿ ಪತ್ರ ಕೊಡಬೇಕು, 6 ತಿಂಗಳೊಳಗೆ ಕಾರ್ಡು ಕೊಡಬೇಕು, ಸಾಮಾನ್ಯವಾಗಿ ಅದು 5 ವರ್ಷ ನಡೆಯುತ್ತದೆ. ಕೌಂಟರಿನಲ್ಲಿ ಹೊಸಬರು ಇದ್ದರೆ ಮಾಮೂಲಿ ವಲಸೆಯ ಫಾರಂ ಕೊಟ್ಟುಬಿಡುತ್ತಾರೆ. 'ಒಕ್ಕೂಟದ ಪೌರರ ಕುಟುಂಬದವರ ಅರ್ಜಿ' ಎಂದೇ ಕೇಳಿ.

ನಮ್ಮವರು ಸಿಕ್ಕಿಹಾಕಿಕೊಳ್ಳುವುದು ಹೆಸರಿನಲ್ಲಿ. ಜನನ ಪತ್ರದಲ್ಲಿ ಬರೀ ಇನಿಷಿಯಲ್ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಊರ ಹೆಸರು, ಅಪ್ಪನ ಹೆಸರು ಪೂರ್ತಿ ಬಿಡಿಸಿರುತ್ತದೆ. ಮದುವೆ ಪತ್ರದಲ್ಲಿ ಇನ್ನೊಂದು ಬಗೆ. ಯುರೋಪಿನ ಗುಮಾಸ್ತರಿಗೆ ಇವರು ಮೂರು ಬೇರೆ ಬೇರೆ ಜನ. ಊರಿಗೆ ಹೋದಾಗಲೇ ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ, ಬೇಕಾದ ತಿದ್ದುಪಡಿ ಮಾಡಿಸಿ. ಛತ್ರದಲ್ಲಿ ಮದುವೆಯಾಗಿ ನೋಂದಣಿ ಮಾಡಿಸದೆ ಬಿಟ್ಟಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಈಗಲೂ ಮಾಡಿಸಬಹುದು. ಮದುವೆ ಕರೆಯೋಲೆ, ಫೋಟೊಗಳನ್ನು ಜೋಪಾನ ಮಾಡಿ. ಆ ಪತ್ರಕ್ಕೆ ಅಪಾಸ್ಟಿಲ್ ಮುದ್ರೆ (ಪತ್ರ ಅಸಲಿ ಎಂದು ಬೇರೆ ದೇಶಗಳಿಗೆ ತೋರಿಸುವ ಸರ್ಕಾರಿ ಮುದ್ರೆ) ಸಾಕೇ, ಬೇರೆ ಪರಿಶೀಲನೆ ಬೇಕೇ ಎಂಬುದು ದೇಶದಿಂದ ದೇಶಕ್ಕೆ ಬೇರೆ. ನೀವು ಹೋಗುವ ದೇಶದ ಕಾನ್ಸುಲೇಟ್ ಏನು ಹೇಳುತ್ತದೆ ಅಂತ ನೋಡಿಕೊಂಡೇ ಮಾಡಿಸಿ.

ಅಪ್ಪ ಅಮ್ಮನನ್ನು ಕರೆಸಿಕೊಳ್ಳುವ ಆಸೆ ಎಲ್ಲರಿಗೂ ಇರುತ್ತದೆ, ಅಲ್ವಾ? ತನ್ನದಲ್ಲದ ಸದಸ್ಯ ದೇಶದಲ್ಲಿ ದುಡಿಯುವ ಒಕ್ಕೂಟದ ಪೌರರು ತಮ್ಮ ಅಥವಾ ಸಂಗಾತಿಯ ತಂದೆ ತಾಯಿಯನ್ನು ಕರೆಸಿಕೊಳ್ಳಬಹುದು. ಅವರು ಜೀವನಕ್ಕೆ ನಿಮ್ಮನ್ನೇ ನಂಬಿದ್ದರು ಎಂದು ತೋರಿಸಬೇಕು, ಅದೂ ಊರಿನಲ್ಲಿದ್ದಾಗಲೇ. ಹಾಗಾಗಿ ಹಣವನ್ನು ಬ್ಯಾಂಕ್ ಮೂಲಕ, ತಪ್ಪದೆ, ಅವರ ಖಾತೆಗೇ ಕಳಿಸಿ. ಔಷಧಿ, ಬಾಡಿಗೆ, ಆಸ್ಪತ್ರೆ ಬಿಲ್ಲು ಜೊತೆಗಿರಲಿ. ರಜೆಗೆ ಹೋದಾಗ ಕೈಗೆ ಕೊಟ್ಟ ದುಡ್ಡಿಗೆ ದಾಖಲೆ ಇರುವುದಿಲ್ಲ.

ನಾಲ್ಕನೇ ಹೆಜ್ಜೆ: ಬ್ಲೂ ಕಾರ್ಡ್ ಇರುವವರು ದೇಶ ಬದಲಿಸುವುದು

2021ರ ಹೊಸ ಬ್ಲೂ ಕಾರ್ಡ್ ನಿರ್ದೇಶನ ಇದನ್ನು ಸುಲಭ ಮಾಡಿದೆ. ಮೊದಲ ದೇಶದಲ್ಲಿ 12 ತಿಂಗಳು ಮುಗಿಸಿದ ಮೇಲೆ ಇನ್ನೊಂದು ದೇಶಕ್ಕೆ ಹೋಗಿ, ಅಲ್ಲಿ ಕಾಲಿಟ್ಟು ಒಂದು ತಿಂಗಳೊಳಗೆ ಆ ದೇಶದ ಬ್ಲೂ ಕಾರ್ಡಿಗೆ ಅರ್ಜಿ ಹಾಕಬಹುದು. ಎರಡನೆಯದರಿಂದ ಮೂರನೆಯದಕ್ಕೆ 6 ತಿಂಗಳು ಸಾಕು. ಡೆನ್ಮಾರ್ಕ್ ಮತ್ತು ಐರ್ಲೆಂಡ್ ಈ ವ್ಯವಸ್ಥೆಯಲ್ಲಿಲ್ಲ.

ಕೆಲಸ ಹೋದರೆ ಕಾರ್ಡು ಮಾರನೇ ದಿನವೇ ರದ್ದಾಗುವುದಿಲ್ಲ. ಕಾರ್ಡು ಸಿಕ್ಕಿ 2 ವರ್ಷ ಆಗಿಲ್ಲದಿದ್ದರೆ 3 ತಿಂಗಳು, 2 ವರ್ಷ ದಾಟಿದ್ದರೆ 6 ತಿಂಗಳು ಬೇರೆ ಕೆಲಸ ಹುಡುಕಲು ಸಮಯವಿದೆ. ಇದು ಒಕ್ಕೂಟ ಕೊಟ್ಟಿರುವ ಕನಿಷ್ಠ ರಕ್ಷಣೆ. ಕೆಲಸ ಹೋದ ಸುದ್ದಿಯನ್ನು ವಿದೇಶಿಯರ ಕಚೇರಿಗೆ ಬರೆದು ತಿಳಿಸಿ, ಬಚ್ಚಿಡಬೇಡಿ.

ಐದನೇ ಹೆಜ್ಜೆ: ಮೊದಲ ವಾರದಲ್ಲೇ ವಿಳಾಸ ನೋಂದಣಿ

ಜರ್ಮನಿಯಲ್ಲಿ ಮನೆಗೆ ಬಂದ 2 ವಾರದೊಳಗೆ ಬ್ಯುರ್ಗರ್‌ಆಮ್ಟ್ ಎಂಬ ನಾಗರಿಕ ಸೇವಾ ಕಚೇರಿಯಲ್ಲಿ ಆನ್‌ಮೆಲ್ಡುಂಗ್, ಅಂದರೆ ವಿಳಾಸ ನೋಂದಣಿ ಮಾಡಿಸಬೇಕು. ಮನೆ ಮಾಲೀಕರು ಸಹಿ ಮಾಡಿದ ವಾಸದ ದೃಢೀಕರಣ ಪತ್ರ ಬೇಕು. ಬಾಡಿಗೆ ಕರಾರು ಒಂದೇ ಸಾಲದು. ನೆದರ್‌ಲ್ಯಾಂಡ್ಸ್‌ನಲ್ಲಿ 4 ತಿಂಗಳಿಗಿಂತ ಜಾಸ್ತಿ ಇರುವವರು 5 ದಿನದೊಳಗೆ ಪುರಸಭೆಗೆ ತಿಳಿಸಬೇಕು, ಅಲ್ಲಿಯ ವಿಮೆಗೆ ಸೇರುವವರು 4 ತಿಂಗಳೊಳಗೆ ಆರೋಗ್ಯ ವಿಮೆ ಮಾಡಿಸಬೇಕು. 'ನೋಂದಣಿ ಮಾಡಿಸಬೇಡಿ, ಬಾಡಿಗೆ ಕಡಿಮೆ ಮಾಡ್ತೀನಿ' ಅನ್ನುವ ಮನೆಗೆ ಹೋಗಬೇಡಿ. ಐದು ವರ್ಷದ ವಾಸ ಲೆಕ್ಕ ಹಾಕುವಾಗ ಆ ತಿಂಗಳುಗಳನ್ನು ಸಾಬೀತು ಮಾಡುವುದು ಕಷ್ಟ.

ಆರನೇ ಹೆಜ್ಜೆ: ಭತ್ಯೆಗಳನ್ನು ಎರಡು ರಾಶಿ ಮಾಡಿ

ಒಂದು ರಾಶಿ ವಿಮೆ ಮತ್ತು ಕುಟುಂಬದ್ದು: ನಿರುದ್ಯೋಗ ವಿಮೆ, ಕಾಯಿಲೆ ಭತ್ಯೆ, ಹೆರಿಗೆ ಭತ್ಯೆ, ಪಿಂಚಣಿ, ಮಕ್ಕಳ ಭತ್ಯೆ. ಇನ್ನೊಂದು ರಾಶಿ ಏನೂ ಇಲ್ಲದವರಿಗೆ ಸರ್ಕಾರ ಕೊಡುವ ಸಾಮಾಜಿಕ ನೆರವು.

ಮೊದಲ ರಾಶಿಯನ್ನು ಧೈರ್ಯವಾಗಿ ಕೇಳಿ. ಜರ್ಮನಿಯ ವಾಸ ಕಾನೂನೇ ಕಂತು ಕಟ್ಟಿ ಪಡೆದ ಭತ್ಯೆ, ಕಿಂಡರ್‌ಗೆಲ್ಡ್ (ಮಕ್ಕಳ ಭತ್ಯೆ), ಎಲ್ಟರ್ನ್‌ಗೆಲ್ಡ್ (ಮಗು ಹುಟ್ಟಿದ ಮೇಲೆ ಹೆತ್ತವರಿಗೆ ಸಿಗುವ ಭತ್ಯೆ) ಇವುಗಳನ್ನು 'ಸರ್ಕಾರಿ ಹಣದ ಮೇಲೆ ಬದುಕುವುದು' ಎಂದು ಎಣಿಸುವುದಿಲ್ಲ. ಭಾರತದ ಪಾಸ್‌ಪೋರ್ಟಿನವರಿಗೂ ಇದೇ ಮಾತು. ಕಳೆದ 30 ತಿಂಗಳಲ್ಲಿ 12 ತಿಂಗಳು ವಿಮೆಯ ಕಂತು ಕಟ್ಟಿದ್ದರೆ ನಿರುದ್ಯೋಗ ಭತ್ಯೆ ಸಿಗುತ್ತದೆ. ಲೆಕ್ಕಕ್ಕೆ ತೆಗೆದುಕೊಳ್ಳುವ ಕೈಗೆ ಬರುವ ಸಂಬಳದ 60 ಶೇಕಡಾ, ಮಕ್ಕಳಿದ್ದರೆ 67 ಶೇಕಡಾ. ಕೆಲಸ ಮುಗಿಯಲು 3 ತಿಂಗಳಿರುವಾಗಲೇ ಹೆಸರು ಬರೆಸಬೇಕು. ತಡವಾಗಿ ಗೊತ್ತಾದರೆ ಗೊತ್ತಾದ 3 ದಿನದೊಳಗೆ.

ಎರಡನೇ ರಾಶಿಯಲ್ಲಿ ಎಚ್ಚರ ಬೇಕು. ಕೆಲಸವೂ ಇಲ್ಲದೆ, ಕೈಯಲ್ಲಿ ಹಣವೂ ಇಲ್ಲದೆ ಬಂದವರಿಗೆ ಈ ನೆರವು ನಿರಾಕರಿಸಬಹುದು ಎಂದು 2014ರಲ್ಲಿ ಲೈಪ್‌ಜಿಗ್‌ನ ಪ್ರಕರಣವೊಂದರಲ್ಲಿ ಯುರೋಪಿಯನ್ ನ್ಯಾಯಾಲಯ ಹೇಳಿತು. ಬರೀ ಕೆಲಸ ಹುಡುಕಲು ಬಂದವರಿಗೂ ನಿರಾಕರಿಸಬಹುದೆಂದು 2015ರಲ್ಲಿ ಹೇಳಿತು. ಆದರೆ ಕೆಲಸಗಾರರ ಕಥೆ ಬೇರೆ. ಒಕ್ಕೂಟದ ಪೌರರು ಅರೆಕಾಲಿಕ ಕೆಲಸ ಮಾಡಿಯೂ ಸಂಬಳ ಸಾಲದಿದ್ದರೆ ಆ ದೇಶದವರಿಗೆ ಸಿಗುವ ನೆರವನ್ನೇ ಕೇಳಬಹುದು. ನೆರವು ಕೇಳಿದ ಮಾತ್ರಕ್ಕೆ ದೇಶ ಬಿಡಿಸುವಂತಿಲ್ಲ ಎಂದು ನಿರ್ದೇಶನದಲ್ಲೇ ಬರೆದಿದೆ. ಬ್ಲೂ ಕಾರ್ಡ್ ಅಥವಾ ಬೇರೆ ಪರವಾನಗಿಯವರಿಗೆ ಮಾತ್ರ ಈ ರಾಶಿಯಿಂದ ಪರವಾನಗಿ ನವೀಕರಣಕ್ಕೆ ತೊಂದರೆಯಾಗಬಹುದು. ಅರ್ಜಿ ಹಾಕುವ ಮುಂಚೆ ಸಲಹಾ ಕೇಂದ್ರದಲ್ಲಿ ವಿಚಾರಿಸಿ.

ಏಳನೇ ಹೆಜ್ಜೆ: ಹಳೇ ದೇಶ ಬಿಡುವ ಮುಂಚೆ ಫಾರಂಗಳು

2004ರ 883ನೇ ನಿಯಮಾವಳಿ ಎಲ್ಲ ದೇಶಗಳ ಸಾಮಾಜಿಕ ವಿಮೆಯನ್ನು ಒಂದಕ್ಕೊಂದು ಹೊಂದಿಸುತ್ತದೆ. ಒಂದು ಸಮಯಕ್ಕೆ ಒಂದೇ ದೇಶದ ವಿಮೆ, ಸಾಮಾನ್ಯವಾಗಿ ಕೆಲಸ ಮಾಡುವ ದೇಶದ್ದು. ಒಂದು ದೇಶದಲ್ಲಿ ಕಂತು ಕಟ್ಟಿದ ತಿಂಗಳುಗಳು ಇನ್ನೊಂದರಲ್ಲಿ ಲೆಕ್ಕಕ್ಕೆ ಬರುತ್ತವೆ. 2011ರಿಂದ ಇದು ಒಕ್ಕೂಟದಲ್ಲಿ ಕಾನೂನುಬದ್ಧವಾಗಿ ನೆಲೆಸಿ, ಒಂದಕ್ಕಿಂತ ಜಾಸ್ತಿ ಸದಸ್ಯ ದೇಶಗಳ ನಂಟು ಇರುವ ಭಾರತೀಯ ಪೌರರಿಗೂ ಅನ್ವಯಿಸುತ್ತದೆ, ಡೆನ್ಮಾರ್ಕ್ ಬಿಟ್ಟು. ನಾಲ್ಕನೇ ಹೆಜ್ಜೆಯ ಬ್ಲೂ ಕಾರ್ಡಿನವರು ಇದನ್ನು ಗಟ್ಟಿಯಾಗಿ ನೆನಪಿಡಿ.

ಹೊರಡುವ ಮುಂಚೆ ಉದ್ಯೋಗ ಕಚೇರಿಯಿಂದ ಯು1 ಫಾರಂ ಕೇಳಿ. ಎಷ್ಟು ಕಾಲ ವಿಮೆಯಲ್ಲಿದ್ದಿರಿ ಎಂಬುದು ಅದರಲ್ಲಿರುತ್ತದೆ. ಹೊಸ ದೇಶದಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿ ಅದೂ ಹೋದರೆ, ಹಳೇ ತಿಂಗಳುಗಳನ್ನು ಸೇರಿಸಲು ಇದೇ ಆಧಾರ. ಹೊಸ ದೇಶದಲ್ಲಿ ಒಮ್ಮೆಯೂ ವಿಮೆಗೆ ಸೇರದಿದ್ದರೆ ಸಾಮಾನ್ಯವಾಗಿ ಅಲ್ಲಿ ಭತ್ಯೆ ಸಿಗುವುದಿಲ್ಲ.

ಯು2 ಬೇರೆ. ಈಗಾಗಲೇ ನಿರುದ್ಯೋಗ ಭತ್ಯೆ ಪಡೆಯುತ್ತಿದ್ದು, ಬೇರೆ ದೇಶದಲ್ಲಿ ಕೆಲಸ ಹುಡುಕಲು ಹೋಗುವವರಿಗೆ ಅದು. ಹಳೇ ದೇಶದಲ್ಲಿ ಸಾಮಾನ್ಯವಾಗಿ 4 ವಾರ ಕೆಲಸ ಹುಡುಕುವವರಾಗಿ ನೋಂದಾಯಿಸಿರಬೇಕು. ಹೊಸ ದೇಶದಲ್ಲಿ 7 ದಿನದೊಳಗೆ ಹೆಸರು ಬರೆಸಬೇಕು. ಭತ್ಯೆ 3 ತಿಂಗಳು ಬರುತ್ತದೆ, ಕೆಲವು ಕಡೆ 6 ತಿಂಗಳವರೆಗೆ ಎಳೆಯುತ್ತಾರೆ. ಭಾರತದ ಪಾಸ್‌ಪೋರ್ಟಿನವರಿಗೆ ಹೊಸ ದೇಶದಲ್ಲಿ ಇರಲು, ದುಡಿಯಲು ಪರವಾನಗಿ ಇದ್ದರೆ ಮಾತ್ರ ಇದು ನಡೆಯುತ್ತದೆ.

ಒಂದು ದೇಶದಲ್ಲಿ ವಾಸ, ಇನ್ನೊಂದರಲ್ಲಿ ಕೆಲಸ ಇರುವವರು ಎಸ್1 ಫಾರಂ ಪಡೆದು ಮನೆ ಇರುವ ದೇಶದಲ್ಲೂ ಚಿಕಿತ್ಸೆ ಪಡೆಯಬಹುದು. ಯುರೋಪಿಯನ್ ಆರೋಗ್ಯ ವಿಮೆ ಕಾರ್ಡು ಎಂಬ ನೀಲಿ ಕಾರ್ಡು ತಾತ್ಕಾಲಿಕ ವಾಸಕ್ಕೆ ಮಾತ್ರ, ಮನೆ ಬದಲಿಸುವವರಿಗಲ್ಲ. ಮನೆಯಿಂದ ಕೆಲಸ ಮಾಡುವವರು ಇನ್ನೊಂದು ಲೆಕ್ಕ ನೋಡಿ. ವಾಸದ ದೇಶದಲ್ಲಿ ಕೆಲಸದ 25 ಶೇಕಡಾ ಅಥವಾ ಜಾಸ್ತಿ ಮಾಡಿದರೆ ವಿಮೆ ಆ ದೇಶಕ್ಕೆ ಬದಲಾಗುತ್ತದೆ. 2023ರ ಜುಲೈನಿಂದ ಜಾರಿಯಲ್ಲಿರುವ ಒಪ್ಪಂದಕ್ಕೆ ಎರಡೂ ದೇಶ ಸಹಿ ಹಾಕಿದ್ದರೆ, ಅರ್ಜಿ ಕೊಟ್ಟು 50 ಶೇಕಡಾಕ್ಕಿಂತ ಕಡಿಮೆಯವರೆಗೂ ಕಂಪನಿಯ ದೇಶದ ವಿಮೆಯಲ್ಲೇ ಉಳಿಯಬಹುದು. ಅದಕ್ಕೆ ಯಾವ ದೇಶದ ವಿಮೆಯಲ್ಲಿದ್ದೀರಿ ಎಂದು ತೋರಿಸುವ ಎ1 ಪತ್ರ ಬೇಕು.

ಎಂಟನೇ ಹೆಜ್ಜೆ: ಮಕ್ಕಳ ಭತ್ಯೆ

ಜರ್ಮನಿಯ ಕಿಂಡರ್‌ಗೆಲ್ಡ್ 2026ರ ಜನವರಿಯಿಂದ ಪ್ರತಿ ಮಗುವಿಗೆ ತಿಂಗಳಿಗೆ 259 ಯೂರೊ. ಮಗು ಬೇರೆ ಸದಸ್ಯ ದೇಶದಲ್ಲಿದ್ದರೂ ಹಕ್ಕು ಇರಬಹುದು. ಆ ದೇಶದಲ್ಲಿ ಜೀವನ ಅಗ್ಗ ಅಂತ ಭತ್ಯೆ ಕಡಿತ ಮಾಡಿದ್ದ ಆಸ್ಟ್ರಿಯಾದ ಕ್ರಮ ತಪ್ಪು ಎಂದು 2022ರ ಜೂನ್‌ನಲ್ಲಿ ನ್ಯಾಯಾಲಯ ಹೇಳಿದೆ.

ಎರಡು ದೇಶಗಳಿದ್ದಾಗ ಯಾರು ಕೊಡಬೇಕು? ಆಖೆನ್‌ನಲ್ಲಿ ಮನೆ, ಮಗು ಅಲ್ಲೇ ಶಾಲೆಗೆ ಹೋಗುತ್ತದೆ, ಅಪ್ಪ ನೆದರ್‌ಲ್ಯಾಂಡ್ಸ್‌ನಲ್ಲಿ ದುಡಿಯುತ್ತಾರೆ ಅಂದುಕೊಳ್ಳಿ. ಅಮ್ಮ ಮನೆಯಲ್ಲಿದ್ದರೆ ಮೊದಲು ಕೊಡಬೇಕಾದ್ದು ನೆದರ್‌ಲ್ಯಾಂಡ್ಸ್. ಜರ್ಮನಿಯ ಮೊತ್ತ ಜಾಸ್ತಿ ಇದ್ದರೆ ಮಿಕ್ಕಿದ್ದನ್ನು ಜರ್ಮನಿ ತುಂಬಿಕೊಡುತ್ತದೆ. ಅಮ್ಮನೂ ಆಖೆನ್‌ನಲ್ಲಿ ಕೆಲಸಕ್ಕೆ ಸೇರಿದರೆ ಸರದಿ ತಿರುಗುತ್ತದೆ, ಮಗು ಇರುವ ಜರ್ಮನಿ ಮೊದಲು. ಹಾಗಾಗಿ ಯಾರದೇ ಕೆಲಸ ಬದಲಾದರೂ ಎರಡೂ ಕಡೆ ತಿಳಿಸಿ. ತಿಳಿಸದೆ ಎರಡೂ ಕಡೆಯಿಂದ ಪೂರ್ತಿ ಪಡೆದರೆ ವರ್ಷಗಳ ಮೇಲೆ ಒಟ್ಟಿಗೆ ವಾಪಸ್ ಕೇಳುತ್ತಾರೆ. ಇನ್ನೊಂದು ಮಾತು, ಕಿಂಡರ್‌ಗೆಲ್ಡ್ ಹಿಂದಿನ ಬಾಕಿ ಕೊಡುವುದು 6 ತಿಂಗಳದ್ದು ಮಾತ್ರ. ತಡ ಮಾಡಬೇಡಿ.

ಒಂಬತ್ತನೇ ಹೆಜ್ಜೆ: ಐದು ವರ್ಷ, ಪಿಂಚಣಿ, ಊರಿನ ನಂಟು

ಒಕ್ಕೂಟದ ಪೌರರು ಮತ್ತು ಕುಟುಂಬದವರು 5 ವರ್ಷ ನಿಯಮದಂತೆ ಇದ್ದರೆ ಕಾಯಂ ವಾಸದ ಹಕ್ಕು ಬರುತ್ತದೆ. ಆಮೇಲೆ ಆದಾಯ, ಕೆಲಸ ಏನನ್ನೂ ಕೇಳುವಂತಿಲ್ಲ. ಸತತ 2 ವರ್ಷ ಆ ದೇಶದ ಹೊರಗಿದ್ದರೆ ಹೋಗುತ್ತದೆ.

ಭಾರತದ ಪಾಸ್‌ಪೋರ್ಟಿನವರಿಗೆ ಎರಡು ಬಗೆಯ ಕಾಯಂ ಪರವಾನಗಿ ಇದೆ. ಜರ್ಮನಿಯ ಸ್ವಂತದ್ದು ಬೇಗ ಸಿಗುತ್ತದೆ, ಬ್ಲೂ ಕಾರ್ಡ್ ಇದ್ದು ಬಿ1, ಅಂದರೆ ಮಧ್ಯಮ ಮಟ್ಟದ ಜರ್ಮನ್ ಭಾಷೆ ಬಂದರೆ 21 ತಿಂಗಳಿಗೇ. ಆದರೆ ಸಾಮಾನ್ಯವಾಗಿ 6 ತಿಂಗಳು ಹೊರಗಿದ್ದರೆ ರದ್ದಾಗುತ್ತದೆ. ಒಕ್ಕೂಟದ ದೀರ್ಘಕಾಲದ ಪರವಾನಗಿಗೆ 5 ವರ್ಷ ಬೇಕು. ಬ್ಲೂ ಕಾರ್ಡಿನವರು ಬೇರೆ ಬೇರೆ ದೇಶಗಳ ವರ್ಷಗಳನ್ನು ಕೂಡಿಸಬಹುದು, ಕೊನೆಯ 2 ವರ್ಷ ಅರ್ಜಿ ಹಾಕುವ ದೇಶದಲ್ಲಿರಬೇಕು. ಅದು ಒಕ್ಕೂಟದ ಹೊರಗೆ ಸತತ 12 ತಿಂಗಳು, ಬ್ಲೂ ಕಾರ್ಡಿನಿಂದ ಬಂದವರಿಗೆ 24 ತಿಂಗಳು ಇದ್ದರೆ ಮಾತ್ರ ಹೋಗುತ್ತದೆ. ನಡುವೆ ಕೆಲವೇ ದಿನ ಒಕ್ಕೂಟದೊಳಗೆ ಬಂದು ಹೋದರೂ ಆ ಎಣಿಕೆ ಮುರಿಯುತ್ತದೆ ಎಂದು 2022ರ ಜನವರಿಯಲ್ಲಿ ನ್ಯಾಯಾಲಯ ತೀರ್ಪು ಕೊಟ್ಟಿದೆ. ಊರಿನಲ್ಲಿ ಹಿರಿಯರನ್ನು ನೋಡಿಕೊಳ್ಳಲು ಹೋಗಬೇಕಾದವರು ಎರಡನೆಯದಕ್ಕೂ ಅರ್ಜಿ ಹಾಕಿಡುವುದು ಒಳ್ಳೆಯದು ಅಂತ ನನ್ನ ಸಲಹೆ.

ಪಿಂಚಣಿಯನ್ನು ಒಂದು ದೇಶ ಮಾತ್ರ ಕೊಡುವುದಿಲ್ಲ, ಪ್ರತಿ ದೇಶವೂ ತನ್ನ ಪಾಲು ಕೊಡುತ್ತದೆ. ಜರ್ಮನಿಯಲ್ಲಿ ಕನಿಷ್ಠ 5 ವರ್ಷದ ವಿಮೆ ಬೇಕು. ಅಲ್ಲಿ 3 ವರ್ಷ, ನೆದರ್‌ಲ್ಯಾಂಡ್ಸ್‌ನಲ್ಲಿ 4 ವರ್ಷ ಮಾಡಿದವರಿಗೆ ಎರಡನ್ನೂ ಕೂಡಿಸಿ ಅರ್ಹತೆ ನೋಡುತ್ತಾರೆ, ಜರ್ಮನಿ ತನ್ನ 3 ವರ್ಷದ ಪಾಲು ಕೊಡುತ್ತದೆ. ಭಾರತ ಮತ್ತು ಜರ್ಮನಿ ನಡುವೆ 2017ರ ಮೇ ತಿಂಗಳಿಂದ ಸಾಮಾಜಿಕ ಭದ್ರತಾ ಒಪ್ಪಂದವೂ ಜಾರಿಯಲ್ಲಿದೆ. ಊರಿಗೆ ಮರಳಿದರೂ ಜರ್ಮನಿಯ ಪಿಂಚಣಿ ಬರುತ್ತದೆ. ಸಂಬಳದ ಚೀಟಿಗಳನ್ನು, ವರ್ಷಕ್ಕೊಮ್ಮೆ ಬರುವ ವಿಮೆಯ ಲೆಕ್ಕವನ್ನು ಎಸೆಯಬೇಡಿ.

ಹತ್ತನೇ ಹೆಜ್ಜೆ: ಇಲ್ಲ ಅಂದರೆ ಏನು ಮಾಡಬೇಕು

ಬಾಯಿಮಾತಿನಲ್ಲಿ 'ನಿಮಗೆ ಬರಲ್ಲ' ಅಂದರೆ ಒಪ್ಪಿಕೊಂಡು ಎದ್ದು ಬರಬೇಡಿ. ಅರ್ಜಿ ಕೊಟ್ಟು ಲಿಖಿತ ಉತ್ತರ ಕೇಳಿ. ಅರ್ಜಿ ಕೊಟ್ಟ ದಿನ ಬಹಳ ಮುಖ್ಯ, ಹಾಗಾಗಿ ಪ್ರತಿಯ ಮೇಲೆ ಕಚೇರಿಯ ಮುದ್ರೆ ಹಾಕಿಸಿಕೊಳ್ಳಿ.

ಜರ್ಮನಿಯಲ್ಲಿ ಭತ್ಯೆ ನಿರಾಕರಿಸಿದ ಪತ್ರ ಕೈಸೇರಿದ ಒಂದು ತಿಂಗಳೊಳಗೆ ವೀಡರ್‌ಶ್ಪ್ರುಖ್, ಅಂದರೆ ಆಕ್ಷೇಪಣೆ ಸಲ್ಲಿಸಬೇಕು. ಕೆಲವು ಪತ್ರಗಳು ಹಳದಿ ಲಕೋಟೆಯಲ್ಲಿ ಬರುತ್ತವೆ. ಲಕೋಟೆಯ ಮೇಲೆ ಪೋಸ್ಟ್‌ಮ್ಯಾನ್ ಕೈಯಿಂದ ತಾರೀಕು ಬರೆದಿರುತ್ತಾರೆ. ಗಡುವು ಆ ತಾರೀಕಿನಿಂದ ಎಣಿಕೆ. ನೀವು ಎರಡು ವಾರ ಊರಲ್ಲಿದ್ದು ಬಂದು ಲಕೋಟೆ ಒಡೆದರೂ ಲೆಕ್ಕ ಹಿಂದಿನಿಂದಲೇ. ಆ ಲಕೋಟೆಯನ್ನು ಪತ್ರಕ್ಕೆ ಪಿನ್ ಮಾಡಿ ಇಡಿ. ಆಕ್ಷೇಪಣೆಗೆ ಉದ್ದದ ಕಾರಣ ಬೇಕಿಲ್ಲ. 'ಈ ತಾರೀಕಿನ ನಿರ್ಧಾರಕ್ಕೆ ಆಕ್ಷೇಪವಿದೆ, ಕಾರಣ ಆಮೇಲೆ ಕಳಿಸುತ್ತೇನೆ' ಎಂದು ಬರೆದು, ಸಹಿ ಮಾಡಿ, ಗಡುವಿನೊಳಗೆ ತಲುಪಿಸಿ. ಅಲ್ಲೂ ಆಗದಿದ್ದರೆ ಸಾಮಾಜಿಕ ನ್ಯಾಯಾಲಯಕ್ಕೆ ಹೋಗಬಹುದು. ಭತ್ಯೆ ಕೇಳಿ ಹೋಗುವವರಿಗೆ ಅಲ್ಲಿ ಕೋರ್ಟ್ ಶುಲ್ಕವಿಲ್ಲ. ಕಿಂಡರ್‌ಗೆಲ್ಡ್ ಮಾತ್ರ ಸಾಮಾನ್ಯವಾಗಿ ತೆರಿಗೆ ಕಾನೂನಿನಡಿ ಬರುತ್ತದೆ, ಅದರ ದಾರಿ ಬೇರೆ. ಪತ್ರದ ಕೊನೆಯಲ್ಲಿ ಎಲ್ಲಿಗೆ, ಎಷ್ಟು ದಿನದೊಳಗೆ ಎಂದು ಬರೆದಿರುತ್ತದೆ, ಅದನ್ನೇ ಮೊದಲು ಓದಿ.

ಗಡಿ ದಾಟಿದ ಕಾರಣಕ್ಕೆ ಎರಡು ದೇಶಗಳ ಕಚೇರಿಗಳು ಒಬ್ಬರ ಮೇಲೊಬ್ಬರು ಹಾಕುತ್ತಿದ್ದರೆ ಸಾಲ್ವಿಟ್ ಎಂಬ ಉಚಿತ ಸೇವೆ ಇದೆ. ನಿಮ್ಮ ದೇಶದ ಸಾಲ್ವಿಟ್ ಕೇಂದ್ರ ಆ ಕಡೆಯ ಕೇಂದ್ರದ ಜೊತೆ ಮಾತಾಡಿ 10 ವಾರದೊಳಗೆ ಬಗೆಹರಿಸಲು ನೋಡುತ್ತದೆ. ಆದರೆ ಕೋರ್ಟಿನ ಗಡುವು ಅದಕ್ಕಾಗಿ ನಿಲ್ಲುವುದಿಲ್ಲ, ಆಕ್ಷೇಪಣೆ ಬೇರೆಯಾಗಿ ಹಾಕಿ. ಹಕ್ಕು ಇದೆಯೋ ಇಲ್ಲವೋ ಅಂತ ತಿಳಿಯಬೇಕಾದರೆ ಯುವರ್ ಯುರೋಪ್ ಅಡ್ವೈಸ್‌ನ ವಕೀಲರಿಗೆ ಬರೆಯಿರಿ, ಅದೂ ಉಚಿತ. ಬರೆಯುವಾಗ ಮನೆಯ ಪ್ರತಿಯೊಬ್ಬರ ಪಾಸ್‌ಪೋರ್ಟು ಯಾವ ದೇಶದ್ದು, ಯಾವ ದೇಶದಲ್ಲಿ ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಇದ್ದಿರಿ, ಎಲ್ಲಿ ಕಂತು ಕಟ್ಟಿದಿರಿ, ನಿರಾಕರಿಸಿದ ಪತ್ರದ ತಾರೀಕು ಯಾವುದು ಎಂಬುದನ್ನು ಮೊದಲ ಸಾಲುಗಳಲ್ಲೇ ಹಾಕಿ.